ಅಮ್ಮನ ಕುಕ್ಕರ್, ನನ್ನ ಆಂಪ್ಲಿಫೈಯರ್

ಕುಡುಕನಿಗೆ ತಾನು ಕುಡುಕನೆಂಬುದು ಮರುದಿನ ಬೆಳಿಗ್ಗೆಯಾದರೂ ಗೊತ್ತಾಗುತ್ತದೆ. ಮನೆಯ ಸ್ಪೀಕರ್ ಬದಲಿಸುವ ಚಟದವನಿಗೆ ಆ ಭಾಗ್ಯವೂ ಇಲ್ಲ. ಅವನು ಪ್ರತಿಸಲವೂ 'ಇದೇ ಕೊನೆಯದು' ಎಂದು ಮನಸಾರೆ ನಂಬಿರುತ್ತಾನೆ. ನಾನು ಹಾಗೆ ನಂಬಿಕೊಂಡೇ ನವಿ ಮುಂಬಯಿಯ ನೆರೂಳದ ನಮ್ಮ ಪುಟ್ಟ ಹಾಲಿನಲ್ಲಿ ಎದೆಯೆತ್ತರದ ಎರಡು ಸ್ಪೀಕರ್ ನಿಲ್ಲಿಸಿದ್ದೇನೆ. ಅವು ಬಂದ ಮೇಲೆ ಸೋಫಾ ಬಾಲ್ಕನಿಗೆ ಹೋಯಿತು, ಬಾಲ್ಕನಿಯ ತುಳಸಿ ಕಿಟಕಿಯ ಗ್ರಿಲ್ಲಿಗೇರಿತು. ಉಡುಪಿಯಿಂದ ಬಂದ ಭಾವ ಅವನ್ನು ನೋಡಿ, "ಎಂಥ ಮಾರಾಯ್ರೆ, ಫ್ರಿಜ್ಜು ಎರಡು ತಗೊಂಡ್ರಾ?" ಎಂದು ಕೇಳಿದರು.

ಹಾಗೆಂದು ನನಗೆ ಸಂಗೀತದ ಗಂಧಗಾಳಿಯಿಲ್ಲ. ಇಷ್ಟೆಲ್ಲ ಒಂದೇ ಒಂದು ಹಳೆಯ ಕ್ಯಾಸೆಟ್ಟಿಗಾಗಿ. ಅಪ್ಪ ಡೊಂಬಿವಲಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ರಜೆಯ ದಿನ ಊರಿನವರೆಲ್ಲ ಸೇರಿ ತಾಳಮದ್ದಳೆ ನಡೆಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಲ್ಲಿ ಯುದ್ಧ. ಅಪ್ಪ ತಮ್ಮ 'ಅರ್ಥ'ವನ್ನು, ಅಂದರೆ ತಮ್ಮ ಪಾತ್ರದ ಮಾತನ್ನು, ಮೊದಲೇ ಮನೆಯಲ್ಲಿ ಟೇಪ್‌ರೆಕಾರ್ಡರಿನ ಮುಂದೆ ಹೇಳಿ ಪಳಗಿಸಿಕೊಳ್ಳುತ್ತಿದ್ದರು. ಹಾಗೆ ಉಳಿದ ಕ್ಯಾಸೆಟ್ಟು ಇದು. ನೆಂಟರ ಪಾಲಿಗೆ ಅದು ಅಪ್ಪನ ನೆನಪು. ನನಗೆ ಬೇಕಾಗಿರುವುದು ಅಪ್ಪನ ಹಿಂದೆ, ಅಡಿಗೆಮನೆಯಲ್ಲಿ ಇರುವ ಅಮ್ಮ. ಫೋಟೋ ಎಂದರೆ ಸೆರಗು ಅಡ್ಡ ಹಿಡಿಯುತ್ತಿದ್ದ, ಫೋನಿನಲ್ಲಿ 'ಹ್ಞೂಂ' ಮೀರಿ ಮಾತಾಡದ ಅಮ್ಮ ಹೋಗಿಬಿಟ್ಟ ಮೇಲೆ ಅವಳ ದನಿ ಉಳಿದಿರುವುದು ಇದೊಂದರಲ್ಲೇ. ಕ್ಯಾಸೆಟ್ಟಿನ ಕೊನೆಯಲ್ಲಿ ಅವಳು ಏನೋ ಹೇಳುತ್ತಾಳೆ. ಏನೆಂದು ಕೇಳಿಸುವುದಿಲ್ಲ. ಒಂದು ಸಲ ಕೇಳಿಸಿದರೆ ಸಾಕು ಎಂದು ಜೀವ ಹಂಬಲಿಸುತ್ತದೆ.

ಆಫೀಸಿನ ಗೆಳೆಯ ಸುಧಾಕರ ಸಾನಪಾಡಾದವನು, ಈ ವಿದ್ಯೆಯಲ್ಲಿ ನನ್ನ ಗುರು. "ಕ್ಯಾಸೆಟ್ಟಲ್ಲಿ ಎಲ್ಲ ಉಂಟು ಮಾರಾಯ, ನಿನ್ನ ಸಿಸ್ಟಮ್ಮಿಗೆ ಅದನ್ನು ಹೊರಗೆ ತೆಗೆಯುವ ತಾಕತ್ತಿಲ್ಲ" ಎಂದ. ಕ್ಯಾಸೆಟ್ ಡೆಕ್ ಬದಲಿಸಿದೆ. ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲು ನಮ್ಮ ಹಾಲಿನಲ್ಲೇ ಹಾದುಹೋದಂತೆ ಕೇಳಿಸಿತು. ಸ್ಪೀಕರ್ ಬದಲಿಸಿದೆ. ಆಗಿನ ಪಕ್ಕದ ಮನೆಯ ವಹಿನಿ, ಎಂದರೆ ಅತ್ತಿಗೆ, ಹಾಲಿನವನನ್ನು ಮರಾಠಿಯಲ್ಲಿ ಝಾಡಿಸುತ್ತಿದ್ದುದು ಸ್ಪಷ್ಟವಾಯಿತು. ಕೇಬಲ್ ಬದಲಿಸಿದಾಗಲಂತೂ ಅಮ್ಮನ ಕುಕ್ಕರ್ ಎಷ್ಟು ಚೆನ್ನಾಗಿ ಸೀಟಿ ಹೊಡೆಯಿತೆಂದರೆ, ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಸುಮನಾ ಎದ್ದುಬಿದ್ದು ಅಡಿಗೆಮನೆಗೆ ಓಡಿದಳು.

"ಗ್ಯಾಸೇ ಹಚ್ಚಲಿಲ್ಲ ನಾನು!" ಎನ್ನುತ್ತ ವಾಪಸು ಬಂದವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ. ಮಗಳು ಮೊಬೈಲಿನಿಂದ ತಲೆಯೆತ್ತದೆ, "ಪಪ್ಪಾ, ಅಬ್ ಬಸ್ ಕರೋ ನಾ. ಅಜ್ಜಿ ಕೋ ಆರಾಮ್ ಕರ್ನೇ ದೋ" ಎಂದಳು. ಸಾಕು ಮಾಡಿ ಅಜ್ಜಿಗೆ ಆರಾಮ ಕೊಡಬೇಕಂತೆ! ಅಜ್ಜಿ ಯಾವತ್ತು ಆರಾಮ ಮಾಡಿದ್ದಳು? ಕ್ಯಾಸೆಟ್ಟಿನಲ್ಲೂ ಪಾಪ, ದುಡಿಯುತ್ತಲೇ ಇದ್ದಾಳೆ.

ಕಳೆದ ಭಾನುವಾರ 'ಕೊನೆಯ' ಆಂಪ್ಲಿಫೈಯರ್ ಬಂತು. ಹಾಕಿದೆ. ಅಪ್ಪ ಎಂದಿನಂತೆ ಎದುರಾಳಿಯೇ ಇಲ್ಲದ ಯುದ್ಧದಲ್ಲಿ ಗೆಲ್ಲುತ್ತಿದ್ದರು. ಕುಕ್ಕರ್ ಕೂಗಿತು, ಸುಮನಾ ಈ ಸಲ ಅಲುಗಲಿಲ್ಲ. ಆಮೇಲೆ, ನನ್ನ ಬೆನ್ನ ಹಿಂದೆಯೇ ನಿಂತು ಹೇಳಿದ ಹಾಗೆ, ಅಮ್ಮ ತುಳುವಿನಲ್ಲಿ ಅಂದಳು: "ಯಾವು ಮಾರ್ರೆ, ಉಂತಾಲೆ. ವನಸ್‌ಗ್ ಬಲೆ."

ಸಾಕು, ನಿಲ್ಲಿಸಿ, ಊಟಕ್ಕೆ ಬನ್ನಿ. ಅಷ್ಟೇ. ಟಕ್ ಎಂದು ಟೇಪು ನಿಂತಿತು. ತಾಳಮದ್ದಳೆಯಲ್ಲಿ ಎಂಥ ಘಟಾನುಘಟಿಗೂ ಮಾತು ಬಿಟ್ಟುಕೊಡದ ಅಪ್ಪ, ಅಮ್ಮನ ಒಂದೇ ಮಾತಿಗೆ ನಿಲ್ಲಿಸಿಬಿಟ್ಟಿದ್ದರು. ಒಂದು ಕ್ಷಣ ಎದುರು ಮಾತಾಡಬಾರದಿತ್ತೇ, ಅವಳು ಇನ್ನೊಂದೆರಡು ಮಾತು ಬೈಯುತ್ತಿದ್ದಳಲ್ಲ ಎಂದು ನನಗೆ ಅಳುವೇ ಬಂತು.

ಸುಮನಾ ನೀರು ತಂದುಕೊಟ್ಟು ಮೆಲ್ಲಗೆ ಹೇಳಿದಳು: "ಅತ್ತೆ ಹೇಳಿದ್ದು ನಿಮಗೂ ಸೇರಿಯೇ. ಇನ್ನು ಸಾಕು. ಬನ್ನಿ, ಊಟ ಮಾಡುವ."

ತಲೆಯಾಡಿಸಿದೆ. ಅಮ್ಮನ ಮಾತು ಮೀರುವ ಮಗ ನಾನಲ್ಲ. ಸ್ಪೀಕರ್, ಆಂಪ್ಲಿಫೈಯರ್, ಕೇಬಲ್ ಯಾವುದನ್ನೂ ಇನ್ನು ಬದಲಿಸುವುದಿಲ್ಲ. ಆದರೆ 'ಬಲೆ' ಎಂದ ಮೇಲೆ, ಟೇಪು ನಿಲ್ಲುವ ಮುಂಚೆ, ಸಣ್ಣದೊಂದು ಸದ್ದಿದೆ. ಬಟ್ಟಲಿಟ್ಟದ್ದೋ, ಬಳೆಯದ್ದೋ, ಅಮ್ಮ ನನ್ನ ಹೆಸರು ಹಿಡಿದು ಕರೆಯಲು ಹೊರಟದ್ದೋ ತಿಳಿಯುವುದಿಲ್ಲ. ಅಂಥದ್ದಕ್ಕೆ ಒಳ್ಳೆಯ ಹೆಡ್‌ಫೋನೇ ಆಗಬೇಕೆಂದು ಸುಧಾಕರ ಹೇಳುತ್ತಾನೆ. ಅದು ಸೋಫಾದ ಜಾಗವನ್ನೂ ತಿನ್ನುವುದಿಲ್ಲ.