ಮೂರನೆಯ ಸೀಟಿನಲ್ಲಿ ನನ್ನ ಸಾಮಾನು

ಹೊರಡುವ ಮೊದಲು ಸಾಮಾನು ಕಟ್ಟುವುದರಲ್ಲಿ ನನಗೆ ಸಿಗುವ ಸುಖ ಹೊರಟ ಮೇಲೆ ಎಂದೂ ಸಿಕ್ಕಿಲ್ಲ. ಇದು ಹೆಮ್ಮೆಯ ಮಾತಲ್ಲ, ತಪ್ಪೊಪ್ಪಿಗೆ. ಮಂಗಳೂರಿನಲ್ಲಿ ಮದುವೆ ಊಟ ಮುಗಿಸಿ ಸಂಜೆಗೆ ಮರಳುವುದಿದ್ದರೂ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಟಾರ್ಚು, ಸೂಜಿದಾರ ಇರುತ್ತವೆ. ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿರುವವನು ನಾನು. ಚೀಟಿ ಇಲ್ಲದ ವಸ್ತು ಕಂಡರೆ ಕೈ ತುರಿಸುತ್ತದೆ. ಈ ಚಟ ಇಷ್ಟು ವರ್ಷ ಮನೆಯವರನ್ನು ನಗಿಸಿತ್ತೇ ಹೊರತು ಯಾರ ಬೆನ್ನನ್ನೂ ಹಿಡಿದಿರಲಿಲ್ಲ.

ಹಿಡಿದದ್ದು ಭೋಜ ಭಾವನ ಬೆನ್ನನ್ನು. ಕಾಪುವಿನ ಭೋಜ ಭಾವ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಗಲ್ಫ್‌ನಲ್ಲಿ ಏಸಿ ರಿಪೇರಿ ಮಾಡಿದವರು. ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಮಾತು: "ಊರಿಗೆ ಬಂದ ಮೇಲೆ ಸ್ವರ್ಣಾ ನದಿಯಲ್ಲಿ ಮೇಲಿನಿಂದ ಕಡಲಿನ ತನಕ ದೋಣಿಯಲ್ಲಿ ಹೋಗ್ಬೇಕು ಮಾರಾಯ. ಇಲ್ಲಿ ಮರಳು ಬಿಟ್ರೆ ಎಂತ ಉಂಟು?" ಕಳೆದ ವರ್ಷ ಕೆಲಸ ಬಿಟ್ಟು ಬರುವಾಗ ಚಿನ್ನ, ಅತ್ತರುಗಳ ಬದಲು ಗಾಳಿ ತುಂಬಿಸುವ ಒಂದು ಕಯಾಕ್ ದೋಣಿ ತಂದರು. ಮೂರು ಸೀಟಿನದು. ಕಾರ್ಕಳದ ಕಡೆಯಿಂದ ಕಡಲ ದಂಡೆಯ ಹೂಡೆಯವರೆಗೆ ಮೂರು ದಿನದ ಯಾತ್ರೆ ಎಂದು ನಿಶ್ಚಯವಾಯಿತು. ದೋಣಿ ವಿಹಾರ ನಡೆಸುವವರೊಬ್ಬರು, "ಹೊಳೆ ಗೊತ್ತಿರುವ ಒಬ್ಬರನ್ನು ಜೊತೆಗೆ ಕಳಿಸ್ತೇವೆ" ಎಂದರು. ಬೇಡ ಎಂದವನು ನಾನೇ. ಫೋನಿನಲ್ಲಿ ಮ್ಯಾಪ್ ಇತ್ತು, ಹೊಳೆ ಹೇಗೂ ಇಳಿಜಾರಿಗೇ ಹರಿಯುತ್ತದೆ, ದಾರಿ ತಪ್ಪುವುದಾದರೂ ಎಲ್ಲಿಗೆ ಎಂಬುದು ನನ್ನ ವಾದ.

ಯೋಜನೆಗೆ ಐದು ಭಾನುವಾರ ಹಿಡಿಯಿತು. ಗ್ಯಾಸ್ ಸ್ಟೌ, ಕುಕ್ಕರು, ಮಡಚುವ ಮೇಜು, ಎರಡು ಕೊಡೆ, ಮೂರು ಬಗೆಯ ಹಗ್ಗ, ಹತ್ತು ಲೀಟರ್ ನೀರು, ಕುಚ್ಚಲಕ್ಕಿ, ಒಣಮೀನಿನ ಚಟ್ನಿ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನಂಬರ್ ಕೊಟ್ಟು, ಯಾವ ನಂಬರಿನಲ್ಲಿ ಏನಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಹೆಂಡತಿ ಜಲಜ ಬೀನ್ಸ್ ಕತ್ತರಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕೇಳಿದಳು, "ಮೂರು ಸೀಟು ಉಂಟಲ್ವಾ, ನಾನೂ ಬರ್ಲಾ?"

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆಯಾಗುತ್ತದೆ. "ಮೂರನೆಯದು ಸಾಮಾನಿಗೆ. ಇದು ಸಾಹಸ ಯಾತ್ರೆ ಮಾರಾಯ್ತಿ, ನಿನ್ನ ಕೆಮ್ಮಣ್ಣಿನ ಕಡವಿನ ದೋಣಿ ಅಲ್ಲ" ಎಂದೆ. ಕೆಮ್ಮಣ್ಣು ಅವಳ ತವರು. ಹೊಳೆ ದಾಟಿಸುವ ಆ ಕಡವಿನ ದೋಣಿಯನ್ನು ನಡೆಸುತ್ತಿದ್ದವರು ಅವಳ ಅಪ್ಪ. ಜಲಜ ಬೀನ್ಸ್ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. ಕತ್ತರಿಸುತ್ತಲೇ, "ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ದಾರಾ ಅಂತ ಯಾರಲ್ಲಾದ್ರೂ ಕೇಳಿದ್ದೀರಾ?" ಎಂದಳು. ಮ್ಯಾಪಿನಲ್ಲಿ ಅಂಥದ್ದೇನೂ ಕಾಣುತ್ತಿಲ್ಲ ಎಂದು ಗತ್ತಿನಿಂದ ಉತ್ತರಿಸಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಕಾರ್ಕಳದ ಕಡೆಯ ಸೇತುವೆಯೊಂದರ ಬುಡದಲ್ಲಿ ನಮ್ಮ ಕಯಾಕ್ ನೀರಿಗಿಳಿಯಿತು. ಇಳಿಯಿತು ಎಂದರೆ ಅಕ್ಷರಶಃ ಇಳಿಯಿತು. ಸಾಮಾನಿನ ಭಾರಕ್ಕೆ ಅಂಚು ನೀರಿಗಿಂತ ನಾಲ್ಕು ಬೆರಳಷ್ಟೇ ಮೇಲಿತ್ತು. ಲೈಫ್ ಜಾಕೆಟ್ ತೊಟ್ಟ ಭಾವ ಮುಂದೆ ಕೂತು ಮಕ್ಕಳ ಹಾಗೆ ನಗುತ್ತಿದ್ದರು. ಹಿಂದೆ ಕೂತ ನಾನು ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುತ್ತಿತ್ತು, ಸರಿಮಾಡಲು ಹೋದರೆ ಪೂರ್ತಿ ಒಂದು ಸುತ್ತು ಹಾಕುತ್ತಿತ್ತು. ಗಂಟೆಯೊಳಗೆ ಕಿಂಡಿ ಅಣೆಕಟ್ಟು ಎದುರಾಯಿತು. ಬೇಸಗೆಯ ಬೆಳೆಗೆ ನೀರು ನಿಲ್ಲಿಸಲು ಕಿಂಡಿಗಳಿಗೆಲ್ಲ ಹಲಗೆ ಹಾಕಿಯಾಗಿತ್ತು. ಸಾಮಾನು, ದೋಣಿ ಎರಡನ್ನೂ ಹೊತ್ತು ಆಚೆ ಇಳಿಸದೆ ದಾರಿ ಇರಲಿಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಕೆಳಗೆ ಇನ್ನೂ ಸುಮಾರು ಉಂಟು ಇಂಥದ್ದು. ನೀವು ಯಾರಲ್ಲೂ ಕೇಳ್ಲಿಲ್ವಾ?" ಎಂದರು.

ಕುಕ್ಕರು, ಸ್ಟೌ, ಅಕ್ಕಿ ಒಟ್ಟಿಗಿದ್ದ ನೀಲಿ ಪೆಟ್ಟಿಗೆಯನ್ನು ಎತ್ತಲು ಭಾವ ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು. "ಅಯ್ಯೋ, ಹಿಡೀತು ಮಾರಾಯ" ಎಂಬ ಒಂದೇ ಮಾತು. ಅವರನ್ನು ಗೇರುಮರದ ನೆರಳಿನಲ್ಲಿ ಮಲಗಿಸಿ ನೋವಿನ ಮುಲಾಮು ಹುಡುಕತೊಡಗಿದೆ. ಅದು ಯಾವ ನಂಬರಿನ ಚೀಲದಲ್ಲಿದೆ ಎಂದು ನೋಟ್‌ಬುಕ್ಕಿನಲ್ಲಿ ನೋಡಬೇಕು. ನೋಟ್‌ಬುಕ್ಕು ಯಾವುದೋ ಚೀಲದಲ್ಲಿತ್ತು. ನಲವತ್ತೊಂದು ಚೀಲ ಬಿಚ್ಚಿದೆ. ಭಾವ ಕಣ್ಣು ಮುಚ್ಚಿಕೊಂಡೇ, "ನೀನು ಕೂತುಕೋ, ಪರವಾಗಿಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಜಲಜಳಿಗೆ ಫೋನ್ ಮಾಡಿದೆ. ಅಕ್ಕನನ್ನೂ ಕರೆದುಕೊಂಡು ಅವಳು ಬಾಡಿಗೆಗೆ ಓಮ್ನಿ ವ್ಯಾನ್ ಮಾಡಿಕೊಂಡು ಬಂದಾಗ ಮಧ್ಯಾಹ್ನವಾಗಿತ್ತು. ರಸ್ತೆ ಇದ್ದದ್ದು ಆಚೆ ದಡದಲ್ಲಿ. ಅಣೆಕಟ್ಟಿನ ಮೇಲಿನ ಕಿರುದಾರಿಯಲ್ಲಿ ನಡೆದು ಬಂದಳು. ಆ ದಾರಿಯಲ್ಲಿ ನೆಟ್ಟಗೆ ನಿಲ್ಲಲಾಗದವರನ್ನು ಒಯ್ಯುವ ಹಾಗಿರಲಿಲ್ಲ. ಅವಳು ಭಾವನನ್ನು ನೋಡಿದಳು, ದೋಣಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಎಲ್ಲ ಕೆಳಗೆ ಇಳಿಸಿ. ಭೋಜಣ್ಣನನ್ನು ದೋಣಿಯಲ್ಲಿ ಮಲಗಿಸುವ" ಎಂದಳು. ಮಲಗಿಸಿ ಜಾಕೆಟ್ ಕಟ್ಟಿದೆವು. ಅವಳೂ ಜಾಕೆಟ್ ತೊಟ್ಟು, ಚೂಡಿದಾರದ ಕಾಲು ಮಡಚಿ, ಮಂಡಿಯೂರಿ ಹುಟ್ಟು ಹಿಡಿದಳು. ಗೆರೆ ಎಳೆದ ಹಾಗೆ ದೋಣಿ ನೆಟ್ಟಗೆ ಆಚೆ ದಡಕ್ಕೆ ಹೋಯಿತು. ನೀರಿನ ಮೇಲಿಂದ ಭಾವನ ದನಿ ಕೇಳಿಸಿತು: "ಇದೇ ಜಲಜಾ, ನಾನು ಗಲ್ಫ್‌ನಲ್ಲಿ ಕೂತು ನೆನೆಸ್ತಾ ಇದ್ದದ್ದು ಇದೇ."

ಅಪ್ಪನಿಗೆ ಜ್ವರ ಬಂದ ದಿನಗಳಲ್ಲಿ ಕಡವಿನ ದೋಣಿಯನ್ನು ತಾನೇ ನಡೆಸುತ್ತಿದ್ದೆ ಎಂದು ಅವಳು ಓಮ್ನಿಯಲ್ಲಿ ಅಕ್ಕನಿಗೆ ಹೇಳುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ನಾನು ಒಂದು ದಿನವೂ ಕೇಳಿರಲಿಲ್ಲ.

ಭಾವ ಎರಡು ತಿಂಗಳು ಮಲಗಿದರು. ಕೂರಬಹುದು, ಆದರೆ ಇನ್ನು ಹುಟ್ಟು ಮುಟ್ಟುವಂತಿಲ್ಲ ಎಂದರು ಡಾಕ್ಟರು. ಮೂವತ್ತು ವರ್ಷ ಕಾದಿಟ್ಟ ಆಸೆಗೆ ನಾನು ಕುಕ್ಕರು ಹೊರಿಸಿದ್ದೆ. ಫೆಬ್ರವರಿಯಲ್ಲಿ ಜಲಜ ಕೆಮ್ಮಣ್ಣಿನಲ್ಲಿರುವ ತನ್ನ ಅಣ್ಣನಿಗೆ ಫೋನ್ ಮಾಡಿ ಕಡಲಿನ ಇಳಿತದ ಹೊತ್ತು ಕೇಳಿಕೊಂಡಳು. ಅಣೆಕಟ್ಟುಗಳೆಲ್ಲ ಮುಗಿಯುವ ಕೆಳಗಿನ ಜಾಗದಿಂದ ಹೂಡೆಯವರೆಗೆ ಎರಡು ದಿನ, ನಡುವೆ ರಾತ್ರಿ ತವರಿನಲ್ಲಿ. ಮುಂದೆ ಅಕ್ಕ, ನಡುವೆ ದಿಂಬಿಗೊರಗಿ ಭಾವ, ಹಿಂದೆ ಜಲಜ. ಸಾಮಾನೆಂದರೆ ಒಂದು ಕೈಚೀಲ. ಅದನ್ನು ದೋಣಿಗೆ ಎತ್ತಿಕೊಟ್ಟವನು ನಾನು.

ಹೂಡೆಯಲ್ಲಿ ಅವರಿಗಾಗಿ ಎರಡು ಗಂಟೆ ಮೊದಲೇ ಹೋಗಿ ಕಾದೆ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ದೋಣಿ ಕಂಡಾಗ ಭಾವ ಟೋಪಿ ಬೀಸಿದರು. ದಡ ಸೇರಿದ ಮೇಲೆ, ಹೇಗಿತ್ತು ಎಂದು ಕೇಳಿದೆ. ಅವರು ನನ್ನ ಭುಜ ತಟ್ಟಿ ಚಹಾದ ಅಂಗಡಿಯ ಕಡೆ ನಡೆದರು. ಜಲಜ ದೋಣಿಯ ಹತ್ತಿರ ಬಗ್ಗಿ ಏನೋ ತಿರುಗಿಸಿ ಅಕ್ಕನ ಜೊತೆ ಹೋದಳು. ದಂಡೆಯಲ್ಲಿ ನಾನೊಬ್ಬನೇ ಉಳಿದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದೋಣಿಯ ಹಿಂದಿನ ಸೀಟಿನಲ್ಲಿ ಕೂತು, ಹುಟ್ಟು ಹಿಡಿದು, ಅವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕಡಲನ್ನು ನೋಡಿದೆ. ಒಂದು ಕ್ಷಣ ಚೆನ್ನಾಗಿಯೇ ಇತ್ತು. ಆಮೇಲೆ ಕೆಳಗಿನಿಂದ ಬುಸ್ಸೆಂಬ ಸದ್ದು ಬಂತು. ನಾನು ನಿಧಾನವಾಗಿ ಮರಳಿನ ಕಡೆ ಇಳಿಯತೊಡಗಿದೆ.

"ಏಳಿ ಮಾರಾಯ್ರೆ, ಗಾಳಿ ಬಿಡ್ಲಿಕ್ಕೆ ಅದರ ಮುಚ್ಚಳ ತೆಗೆದಾಗಿದೆ" ಎಂದು ಜಲಜ ಅಂಗಡಿಯಿಂದ ಕೂಗಿದಳು. "ಇಲ್ಲ, ಕೂತೇ ಇರಿ. ಬೇಗ ಖಾಲಿಯಾಗ್ತದೆ."

ಹುಟ್ಟು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದೆ.