ಮ್ಯಾನೇಜರನ ಕೋಟು, ರಾಜಕುಮಾರನ ರೆಕ್ಕೆ

ಬೈಂಡರ್ ಸಾಹೇಬರಿಗೆ (ಬೀದಿಯವರು ಹಾಗೆ ಕರೆಯುತ್ತಿದ್ದರು; ಮನೆಯೊಳಗೆ ಕಾಲಿಟ್ಟ ಕೂಡಲೇ ಆ ಸಾಹೇಬತನ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು) ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ ಒಂದು. ಮಧ್ಯಾಹ್ನದ ಊಟವನ್ನು ನೆಮ್ಮದಿಯಾಗಿ ಮಾಡಬೇಕು. ಮಹಾ ದೊಡ್ಡ ಆಸೆಯೇನಲ್ಲ. ಆದರೆ ಮನೆಯ ಮುಂದಿನ ಕೋಣೆಯಲ್ಲಿದ್ದ ಪುಸ್ತಕ ಕಟ್ಟುವ ಅಂಗಡಿಯಿಂದ ಎದ್ದು, ಕೈಗೆ ಮೆತ್ತಿದ ಅಂಟನ್ನು ಉಜ್ಜಿ ತೊಳೆದು, ಊಟದ ಮೇಜಿಗೆ ಬಂದು ಕೂತರೆ ಎಡಕ್ಕೆ ಹೆಂಡತಿ, ಬಲಕ್ಕೆ ಅತ್ತೆ, ನಡುವೆ ಪ್ರೇಮ ಕಾದಂಬರಿ. ಇವರ ತುತ್ತು ಬಾಯಿಗೆ ಹೋಗುವ ಮೊದಲೇ ಯಾರೋ ಒಬ್ಬ ನಾಯಕ ಯಾರೋ ಒಬ್ಬ ನಾಯಕಿಯ ಕೈ ಹಿಡಿದಾಗಿರುತ್ತಿತ್ತು.

ಹೆಂಡತಿಯದು ಈ ಕಾಲದ ಕಾದಂಬರಿಗಳ ಪಕ್ಷ. ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಂಡು ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೆಲಸದಲ್ಲಿದ್ದಳು. ಒಳಗೆ ಹಲ್ಲು ಕೀಳುತ್ತಿದ್ದರೆ ಹೊರಗೆ ಇವಳು ಪ್ರೇಮದಲ್ಲಿ ಮುಳುಗಿರುತ್ತಿದ್ದಳು. ಒಂದು ಆಫೀಸು, ಒಂದು ಲಿಫ್ಟು, ಕೋಟು ತೊಟ್ಟ ಒಬ್ಬ ಸಿಡುಕು ಮ್ಯಾನೇಜರು, ಕಾಲು ಜಾರಿದಾಗಲೆಲ್ಲ ಸರಿಯಾಗಿ ಅವನ ತೋಳಿಗೇ ಬೀಳುವ ಹುಡುಗಿ, ಇಷ್ಟಿದ್ದರೆ ಅವಳಿಗೆ ಸಾಕು. ಅತ್ತೆಯವರದು ಮಾಯಾಲೋಕದ ಪಕ್ಷ. ಮೂವತ್ತೈದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಆಕೆ, ಮೊದಲ ಪುಟದಲ್ಲಿ ಭೂಪಟವಿಲ್ಲದ ಪುಸ್ತಕವನ್ನು ಪುಸ್ತಕವೆಂದೇ ಒಪ್ಪುತ್ತಿರಲಿಲ್ಲ. ರೆಕ್ಕೆಯ ರಾಜಕುಮಾರ ಯಾವ ನದಿ ದಾಟಿ ಯಾವ ಕಣಿವೆಗೆ ಬಂದ ಎಂದು ಭೂಪಟದಲ್ಲಿ ಹುಡುಕಿ ನೋಡಿಯೇ ಪುಟ ತಿರುಗಿಸುವುದು. (ಒಂದು ಕಾದಂಬರಿಯಲ್ಲಿ ನದಿ ಬೆಟ್ಟ ಹತ್ತಿ ಹರಿದಿತ್ತು. ಅದರ ಪ್ರಕಾಶಕರಿಗೆ ಆಕೆ ಬರೆದ ಕಾಗದ ನಾಲ್ಕು ಪುಟದ್ದು.)

"ಅಲ್ಲಮ್ಮಾ, ನಿನ್ನ ರಾಜಕುಮಾರನಿಗೆ ಏಳುನೂರು ವರ್ಷ. ಆ ಹುಡುಗಿಗೆ ಇಪ್ಪತ್ತೆರಡು. ನಿನಗೇ ಸರಿ ಅನ್ಸುತ್ತಾ?"

"ಏಳುನೂರು ವರ್ಷ ಬದುಕಿದವನಿಗೆ ಸ್ವಲ್ಪ ಅನುಭವ ಆದ್ರೂ ಇರುತ್ತೆ ಕಣೇ. ನಿನ್ನ ಮ್ಯಾನೇಜರ್‌ಗೆ ಮೂವತ್ತೆರಡು. ತನ್ನ ಕಾಲುಚೀಲ ಎಲ್ಲಿದೆ ಅಂತ ತನಗೇ ಗೊತ್ತಿಲ್ಲ."

"ಬೆನ್ನಲ್ಲಿ ಅಷ್ಟು ದೊಡ್ಡ ರೆಕ್ಕೆ ಇಟ್ಕೊಂಡು ಮಲಗೋದು ಹೇಗೆ, ಅದನ್ನ ಹೇಳು ಮೊದ್ಲು."

"ಮಗ್ಗುಲಾಗಿ ಮಲಗ್ತಾನೆ. ನಿನ್ನವನು ಒಂದು ದಿನ ಆದ್ರೂ ಕೆಲಸ ಮಾಡಿದ್ದನ್ನ ಬರೆದಿದ್ದಾರಾ? ಇಡೀ ಕಂಪನಿ ಲಿಫ್ಟಲ್ಲೇ ನಡೆಯುತ್ತೆ."

"ನಿನ್ನ ಅರಮನೇಲಿ ನೆಲ ಒರೆಸೋರು ಯಾರು ಅಂತ ಬರೆದಿದ್ದಾರಾ?"

"ಒಂದು ಫೋನ್ ಮಾಡಿದ್ರೆ ಮುಗಿಯೋ ಜಗಳಾನ ತೊಂಬತ್ತು ಪುಟ ಎಳೀತಾರಲ್ಲ ನಿಮ್ಮೋರು! ನಮ್ಮಲ್ಲಿ ಫೋನೇ ಇಲ್ಲ. ಹಾಗಾಗಿ ತಪ್ಪು ತಿಳ್ಕೊಳ್ಳೋದಕ್ಕೂ ಒಂದು ಮರ್ಯಾದೆ ಇದೆ."

ಸಾಹೇಬರಿಗೆ ಇದೆಲ್ಲ ತಲೆಚಿಟ್ಟು. ಮೂವತ್ತು ವರ್ಷ ಪುಸ್ತಕಗಳ ನಡುವೆಯೇ ಕೂತಿದ್ದರೂ ಅವರು ಪರಿಚಯ ಮಾಡಿಕೊಂಡಿದ್ದು ಪುಸ್ತಕದ ಬೆನ್ನನ್ನು ಮಾತ್ರ. ಹೊಲಿಗೆ ಗಟ್ಟಿಯಿದ್ದರೆ ಅದು ಒಳ್ಳೆಯ ಪುಸ್ತಕ, ಬಿಟ್ಟಿದ್ದರೆ ಕೆಟ್ಟ ಪುಸ್ತಕ. ವಿಮರ್ಶೆ ಅಲ್ಲಿಗೆ ಮುಗಿಯಿತು. ಒಂದು ಸೋಮವಾರ ಅವರ ತಾಳ್ಮೆಯ ಹೊಲಿಗೆಯೇ ಬಿಟ್ಟುಹೋಯಿತು.

"ಎರಡೂ ಒಂದೇ!" ಎಂದು ಮೇಜು ಕುಟ್ಟಿದರು. ನೀರಿನ ಲೋಟ ಹಾರಿತು.

"ಏನು ಒಂದೇ?" ತಾಯಿ ಮಗಳು ಒಟ್ಟಿಗೆ ಕೇಳಿದರು. ಆ ಮೇಜಿನಲ್ಲಿ ಅವರಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

"ಎರಡೂ ಕಥೆ! ಮೊದ್ಲು ಕಚ್ಚಾಡ್ತಾರೆ, ಆಮೇಲೆ ಕೂಡ್ಕೋತಾರೆ. ಒಬ್ಬನಿಗೆ ಕೋಟು, ಒಬ್ಬನಿಗೆ ರೆಕ್ಕೆ. ಬೇರೆ ಏನೂ ವ್ಯತ್ಯಾಸ ಇಲ್ಲ."

ಹೆಂಡತಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಅದು ಯುದ್ಧಘೋಷಣೆ. "ಆಯ್ತು ರೀ. ಒಂದು ತಿಂಗಳು ಟೈಮು. ವ್ಯತ್ಯಾಸ ಇಲ್ಲ ಅಂತ ಸಾಬೀತು ಮಾಡಿ. ಆಮೇಲೆ ಊಟದ ಹೊತ್ತಲ್ಲಿ ಪುಸ್ತಕದ ಮಾತೇ ಎತ್ತಲ್ಲ, ಜನ್ಮದಲ್ಲಿ. ಆಗದಿದ್ರೆ ನೀವೂ ತಿಂಗಳಿಗೊಂದು ಕಾದಂಬರಿ ಓದ್ಬೇಕು, ಇದೇ ಮೇಜಲ್ಲಿ ಕೂತು ಅಭಿಪ್ರಾಯ ಹೇಳ್ಬೇಕು."

"ಭೂಪಟ ನೋಡ್ಕೊಂಡು," ಎಂದು ಅತ್ತೆ ಸೇರಿಸಿದರು.

ದೇವರು ದೊಡ್ಡವನು. ಮೂರೇ ದಿನಕ್ಕೆ ಲೈಬ್ರರಿಯವರು ಎರಡು ಕಾದಂಬರಿಗಳನ್ನು ರಿಪೇರಿಗೆ ತಂದಿಟ್ಟರು. ಒಂದರ ಮುಖಪುಟದಲ್ಲಿ ಕೋಟು, ಇನ್ನೊಂದರಲ್ಲಿ ರೆಕ್ಕೆ. ಒಂದೇ ಅಳತೆ, ಒಂದೇ ಕಾಗದ, ಎರಡರದೂ ಬೆನ್ನು ಮುರಿದಿತ್ತು. ರಿಪೇರಿಯಾದ ಪುಸ್ತಕ ವಾಪಸು ಹೋಗುವ ಮೊದಲು ಮನೆಯಲ್ಲಿ ಒಂದು ಸುತ್ತು ಓದಿಸಿಕೊಂಡೇ ಹೋಗುವುದು ರೂಢಿ. ಸಾಹೇಬರ ತಲೆಯಲ್ಲಿ ದೀಪ ಹತ್ತಿಕೊಂಡಿತು. ಇದರ ಕೊನೆಯ ಅರ್ಧ ಅದಕ್ಕೆ, ಅದರ ಕೊನೆಯ ಅರ್ಧ ಇದಕ್ಕೆ ಹೊಲಿದುಬಿಟ್ಟರೆ? ಇಬ್ಬರೂ ಕೊನೆಯವರೆಗೂ ಓದಿ ಚೆನ್ನಾಗಿತ್ತು ಎಂದರೆ ಮುಗಿಯಿತಲ್ಲ!

ದಾರ ಬಿಚ್ಚಿದರು. ಹದಿನಾರು ಹದಿನಾರು ಪುಟಗಳ ಮಡಿಕೆ ಎಣಿಸಿದರು. ಹತ್ತನೆಯ ಮಡಿಕೆಗೆ ಸರಿಯಾಗಿ ನೂರ ಅರವತ್ತು ಪುಟ. ಕೂಡುವ ಜಾಗದಲ್ಲಿ ಮಾತು ತುಂಡಾಗಬಾರದಲ್ಲ ಎಂದು, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ, ಕೆಲಸಕ್ಕೆ ಬಂದ ಪುಸ್ತಕವನ್ನು ಓದಿ ನೋಡಿದರು. ಕೋಟಿನ ಪುಸ್ತಕದ ನೂರ ಅರವತ್ತನೆಯ ಪುಟ ಹೀಗೆ ಮುಗಿದಿತ್ತು: "ಮ್ಯಾನೇಜರು ಬಾಗಿಲು ಮುಚ್ಚಿ, ಅವಳ ಹತ್ತಿರ ಬಂದು, ಮೆಲ್ಲಗೆ". ರೆಕ್ಕೆಯ ಪುಸ್ತಕದ ನೂರ ಅರವತ್ತೊಂದನೆಯ ಪುಟ ಹೀಗೆ ಶುರುವಾಗಿತ್ತು: "ತನ್ನ ರೆಕ್ಕೆಗಳನ್ನು ಬಿಚ್ಚಿದನು." ಸಾಹೇಬರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆ ಕಡೆ ನೋಡಿದರೆ, ರಾಜಕುಮಾರ ಖಡ್ಗ ಸೆಳೆದು ಶತ್ರುಸೈನ್ಯದ ಎದುರು ನಿಂತು ಗರ್ಜಿಸಿದ್ದ. ಏನೆಂದು ಗರ್ಜಿಸಿದ ಎಂಬುದು ಈಗ ಕೋಟಿನ ಪುಸ್ತಕದಿಂದ ಬರುತ್ತಿತ್ತು: "ಲಿಫ್ಟ್ ಕೆಟ್ಟಿದೆ. ಮೆಟ್ಟಿಲಲ್ಲಿ ಬನ್ನಿ."

ಸೂಜಿಗೆ ದಾರ ಪೋಣಿಸಿದರು. ಪೋಣಿಸಿ ಹಾಗೇ ಕೂತರು. ಅಲ್ಲ, ಲಿಫ್ಟ್ ಕೆಟ್ಟಿದೆ ಎಂದು ಮೆಲ್ಲಗೆ ಹೇಳಿದ ಮೇಲೆ ಆ ಮ್ಯಾನೇಜರು ನಿಜವಾಗಿ ಏನು ಮಾಡಿದ? ಬರೀ ಪರಿಶೀಲನೆಗೆಂದು ಮುಂದಿನ ಒಂದು ಪುಟ ನೋಡಿದರು. ಪರಿಶೀಲನೆ ಮಾಡಿದ ಮೇಲೆ ಪೂರ್ತಿಯಾಗಿ ಮಾಡಬೇಕೆಂದು ಅದರ ಮುಂದಿನದನ್ನೂ ನೋಡಿದರು. ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಸಂಜೆ ಐದೂವರೆಯವರೆಗೆ ಪರಿಶೀಲನೆ ನಡೆಯಿತು. ಮರುದಿನ ರೆಕ್ಕೆಯ ಪುಸ್ತಕವನ್ನೂ ಪರಿಶೀಲಿಸಿದರು. ಬ್ಯಾಂಕಿನವರ ದಪ್ಪ ದಪ್ಪ ರಿಜಿಸ್ಟರುಗಳು ಬೆನ್ನಿಲ್ಲದೆ ಮೂಲೆಯಲ್ಲಿ ಬಿದ್ದಿದ್ದವು. ಆಮೇಲೆ ಅದಲುಬದಲಾಗಿ ಹೊಲಿದು, ರಟ್ಟು ಹಚ್ಚಿ, ಒಣಗಿಸಿ, ಏನೂ ಅರಿಯದವರಂತೆ ಒಳಗೆ ಕೊಟ್ಟರು.

ನಾಲ್ಕು ದಿನ ಇಬ್ಬರೂ ಓದಿದರು. ಐದನೆಯ ದಿನ ಹೆಂಡತಿ ನಿಟ್ಟುಸಿರು ಬಿಟ್ಟಳು.

"ಎಂಥ ಧೈರ್ಯ ರೀ ಆ ಲೇಖಕಿಗೆ! ಮ್ಯಾನೇಜರ್‌ಗೆ ರೆಕ್ಕೆ ಇತ್ತಂತೆ. ಎಷ್ಟು ಸೆಖೆ ಆದ್ರೂ ಕೋಟು ಬಿಚ್ಚಲ್ವಲ್ಲ ಅಂತ ನನಗೆ ಮೊದಲಿಂದ್ಲೂ ಅನುಮಾನ."

"ನಮ್ಮ ರಾಜಕುಮಾರ ಖಡ್ಗ ಕೆಳಗಿಟ್ಟು ಆಫೀಸಿಗೆ ಸೇರ್ಕೊಂಡ," ಎಂದರು ಅತ್ತೆ. "ಏಳುನೂರು ವರ್ಷ ಆದ್ಮೇಲಾದ್ರೂ ಜವಾಬ್ದಾರಿ ಬಂತಲ್ಲ, ಪುಣ್ಯ."

ಸಾಹೇಬರು ಎದ್ದುನಿಂತರು. ಜಯಭೇರಿ ಬಾರಿಸುವುದಕ್ಕೆ ಭೇರಿ ಇರಲಿಲ್ಲ, ಚಮಚದಿಂದ ತಟ್ಟೆಯನ್ನೇ ಬಾರಿಸಿದರು. ಹೊಲಿಗೆ ಬಿಚ್ಚಿದ್ದು, ಅದಲುಬದಲು ಮಾಡಿದ್ದು, ಇಬ್ಬರೂ ಅದನ್ನು ಕೊನೆಯವರೆಗೂ ಓದಿ ಮೆಚ್ಚಿಕೊಂಡಿದ್ದು, ಎಲ್ಲವನ್ನೂ ನ್ಯಾಯಾಧೀಶರು ತೀರ್ಪು ಓದಿದ ಹಾಗೆ ಓದಿ ಹೇಳಿದರು. "ಗೊತ್ತಾಯ್ತಾ? ಎರಡೂ ಒಂದೇ!"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಹೆಂಡತಿ ತಲೆ ತಗ್ಗಿಸಿದಳು. "ಒಪ್ಕೊಂಡೆ ರೀ. ನೀವು ಹೇಳಿದ್ದೇ ಸರಿ. ಇನ್ನು ಪುಸ್ತಕದ ಮಾತು ಎತ್ತಲ್ಲ."

ಆಹಾ! ಸಾಹೇಬರು ಕೂತು ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡರು. ಇಷ್ಟು ವರ್ಷ ಕಾದಿದ್ದ ಮೌನ ಕೊನೆಗೂ ಮೇಜಿಗೆ ಬಂದಿತ್ತು. ಇನ್ನು ಮಾಡಬೇಕಾದ್ದು ಒಂದೇ, ಅಗಿಯುವುದು.

"ಹೌದು ಬಿಡಮ್ಮಾ," ಎಂದಳು ಹೆಂಡತಿ ತಾಯಿಗೆ, ನೀರು ಬಗ್ಗಿಸುತ್ತ. "ಇಬ್ಬರೂ ಒಂದೇ ಥರದ ಹೇಡಿಗಳು. ರಾಜಕುಮಾರ ಅವಳನ್ನ ಗುಹೇಲಿ ಬಿಟ್ಟುಹೋದ. ಮ್ಯಾನೇಜರ್ ಬಸ್‌ಸ್ಟ್ಯಾಂಡಲ್ಲಿ, ಸುರಿಯೋ ಮಳೇಲಿ, ಬಿಟ್ಟುಹೋದ."

ಸಾಹೇಬರ ದವಡೆ ನಿಂತಿತು. ತುತ್ತು ನುಂಗಬೇಕು, ಸುಮ್ಮನಿರಬೇಕು, ಗೆದ್ದಾಗಿದೆ ಎಂದು ಬುದ್ಧಿ ಹೇಳಿತು. ಹೃದಯ ಕೇಳಲಿಲ್ಲ.

"ಬಿಟ್ಟುಹೋಗ್ಲಿಲ್ಲ!" ಎಂದರು.

"ಏನಂದ್ರಿ?"

"ಬಿಟ್ಟುಹೋಗ್ಲಿಲ್ಲ ಅಂದೆ! ಕೊಡೆ ತರೋಕೆ ಹೋಗಿದ್ದ ಪಾಪ! ಇನ್ನೂರ ಹದಿನಾಲ್ಕನೇ ಪುಟ! ಲಿಫ್ಟ್ ಕೆಟ್ಟಿತ್ತು, ಒಂಬತ್ತು ಮಹಡಿ ಹತ್ತಿ, ಕೊಡೆ ತಗೊಂಡು, ಒಂಬತ್ತು ಮಹಡಿ ಇಳಿದು ಓಡಿಬಂದ್ರೆ ಬಸ್ ಹೊರಟುಹೋಗಿತ್ತು. ಒದ್ದೆ ಕೊಡೆ ಹಿಡ್ಕೊಂಡು ಒಬ್ಬನೇ ನಿಂತಿದ್ದ! ಅವನನ್ನ ಆ ರಾಜಕುಮಾರನಿಗೆ ಹೋಲಿಸ್ತೀಯಾ? ಅವನಿಗೇನು, ರೆಕ್ಕೆ ಇದೆ, ಹಾರ್ಕೊಂಡು ಬರ್ತಾನೆ. ಇವನದು ಕಾಲು ಕಣೇ, ಕಾಲು! ಅವನೆಲ್ಲಿ, ಇವನೆಲ್ಲಿ! ಆಕಾಶಕ್ಕೂ ಭೂಮಿಗೂ ಇರೋವಷ್ಟು ವ್ಯತ್ಯಾಸ ಇದೆ ಇಬ್ಬರಿಗೂ!"

ಆಗ ತಾವು ಏನು ಹೇಳಿದೆವೆಂಬುದು ಅವರಿಗೆ ಹೊಳೆಯಿತು. ಚಮಚ ಕೈಯಿಂದ ಜಾರಿತು.

"ವ್ಯತ್ಯಾಸ ಇದೆ," ಎಂದು ಅತ್ತೆ ನಿಧಾನವಾಗಿ ಪುನರುಚ್ಚರಿಸಿದರು, ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗ ಸರಿಯುತ್ತರ ಕೊಟ್ಟಾಗಿನ ಸಂತೋಷದಲ್ಲಿ.

"ನಿಮಗೆ... ಮೊದಲೇ ಗೊತ್ತಿತ್ತಾ?"

"ರೆಕ್ಕೆ ಬಿಚ್ಚಿದ ಸಾಲಿಗೇ ಗೊತ್ತಾಯ್ತು ರೀ. ನಾಯಕಿ ಹೆಸರೇ ಬದಲಾಗಿದೆ, ನಾವೇನು ಕುರುಡರಾ?"

"ನನ್ನ ಭೂಪಟದಲ್ಲಿ ಬಸ್‌ಸ್ಟ್ಯಾಂಡ್ ಇರ್ಲಿಲ್ಲ ಅಳಿಯಂದ್ರೇ," ಎಂದರು ಅತ್ತೆ. "ಅಲ್ಲಿಂದ ಮುಂದೆ ನಾವಿಬ್ಬರೂ ಪುಸ್ತಕ ಬದಲಾಯಿಸ್ಕೊಂಡು ಓದಿ ಮುಗಿಸಿದ್ವಿ. ಆದ್ರೆ ನೂರ ಅರವತ್ತೊಂದರಿಂದ ಕೊನೇವರೆಗೂ, ಎರಡರಲ್ಲೂ, ಪ್ರತಿ ಪುಟದ ಮೂಲೇಲೂ ನಿಮ್ಮ ಅಂಟಿನ ಹೆಬ್ಬೆಟ್ಟು. ಇನ್ನೂರ ಹದಿನಾಲ್ಕರಲ್ಲಿ ಎರಡು ಸಲ ಒತ್ತಿದೆ."

"ಎರಡು ಸಲ ಓದಿದ್ರಾ ರೀ?" ಎಂದು ಹೆಂಡತಿ ಕೇಳಿದಳು. ದನಿಯಲ್ಲಿ ಕೀಟಲೆ ಇತ್ತು, ಸ್ವಲ್ಪ ಅಕ್ಕರೆಯೂ ಇತ್ತು. ಸಾಹೇಬರು ಬಗ್ಗಿ, ಜಾರಿದ ಚಮಚ ಹುಡುಕತೊಡಗಿದರು. (ಓದಿದ್ದು ಮೂರು ಸಲ.)

ಎರಡೂ ಪುಸ್ತಕಗಳನ್ನು ಬಿಚ್ಚಿ, ಸರಿಯಾಗಿ ಹೊಲಿದು ಲೈಬ್ರರಿಗೆ ಕಳಿಸಿದ್ದಾಯಿತು. ಪಂದ್ಯದ ಶಿಕ್ಷೆ ಮರುದಿನದಿಂದಲೇ ಜಾರಿಗೆ ಬಂತು. ತಿಂಗಳಿಗೊಂದು ಎಂಬುದು ಮೊದಲ ತಿಂಗಳಲ್ಲೇ ವಾರಕ್ಕೊಂದಾಯಿತು. ಮೂರನೆಯ ತಿಂಗಳ ಹೊತ್ತಿಗೆ ಸಾಹೇಬರಿಗೆ ಎಲ್ಲದರ ಮೇಲೂ ಅಭಿಪ್ರಾಯವಿತ್ತು. ಮಾಯಾಲೋಕದ ಕಾದಂಬರಿಗೆ ಮೂರು ಸಂಪುಟ ಯಾಕೆ, ಎರಡು ಸಾಲದೇ. ಕೋಟಿನವರು ಮನಸ್ಸಿನಲ್ಲಿದ್ದುದನ್ನು ಹೇಳುವುದಕ್ಕೆ ಕೊನೆಯ ಅಧ್ಯಾಯದವರೆಗೆ ಯಾಕೆ ಕಾಯುತ್ತಾರೆ. ಶಾಪಗ್ರಸ್ತ ರಾಣಿಗೆ ಆ ದಂಡನಾಯಕ ತಕ್ಕವನೇ ಅಲ್ಲ, ಅಡುಗೆಯವನೇ ವಾಸಿ.

ಆ ದಿನವೂ ಹಾಗೇ. ಅಂಟಿನ ಕೈ ತೊಳೆಯುವುದನ್ನೂ ಮರೆತು, ಒಂದು ಕೈಯಲ್ಲಿ ಎರಡನೆಯ ಸಂಪುಟ, ಇನ್ನೊಂದರಲ್ಲಿ ಅದರ ಭೂಪಟ ಹಿಡಿದು ಮೇಜಿಗೆ ಬಂದರು. "ಅತ್ತೆ, ಈ ಕಣಿವೆ ನೋಡಿ. ಇಲ್ಲಿಂದ ಕೋಟೆಗೆ ಮೂರು ದಿನದ ದಾರಿ ಅಂತಾರೆ, ಅವನು ಒಂದೇ ದಿನಕ್ಕೆ ಹೇಗೆ ಬಂದ? ರೆಕ್ಕೆ ಬೇರೆ ಸುಟ್ಟುಹೋಗಿದೆ. ಮತ್ತೆ ಆ ಅಡುಗೆಯವನು..."

ತಟ್ಟೆಯಲ್ಲಿದ್ದುದು ಆರಿ ತಣ್ಣಗಾಗಿತ್ತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಅಳಿಯಂದ್ರೇ," ಎಂದರು ಅತ್ತೆ, ಕೈಮುಗಿದು. "ಊಟದ ಹೊತ್ತಲ್ಲಿ ಪುಸ್ತಕದ ಮಾತು ಬೇಡ. ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡಿ."