ನಡುಮನೆಯ ಪೆಟ್ಟಿಗೆ, ಓಡುವ ಹಲಗೆ

ಟೀಲೋ ಶ್ಟೈಮ್ಲೆಯ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮೂವತ್ತನಾಲ್ಕು ವರ್ಷ ಅವನ ಜೊತೆ ಸಂಸಾರ ಮಾಡಿದ ರೋಸ್‌ವೀಟಾಳ ತೀರ್ಪು ಇದು, ಮೇಲ್ಮನವಿಗೆ ಅವಕಾಶವಿಲ್ಲ. ಅವಳ ಐವತ್ತನೇ ಹುಟ್ಟುಹಬ್ಬಕ್ಕೆ ಬಂಧುಗಳೆಲ್ಲ ಗುಟ್ಟಾಗಿ ಏರ್ಪಡಿಸಿದ್ದ ಔತಣದ ಸುದ್ದಿಯನ್ನು ಹದಿನೈದು ದಿನ ಮೊದಲೇ ಅವಳಿಗೇ ಹೇಳಿ, "ಯಾರಿಗೂ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡ ಪುಣ್ಯಾತ್ಮ!

ಅಂಥವನು ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಘೋಷಿಸಿದ: "ಇವತ್ತಿಂದ ನಾನು ಲೋಕದ ಗುಟ್ಟು ಕಾಯೋನು!"

"ನೀನಾ? ಹಾಲಿಗೆ ಬೆಕ್ಕಿನ ಕಾವಲು!"

"ನಗಬೇಡ. ನೆಲಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೀನಿ, ಹೋಗಿ ನೋಡು."

ಆಲೂಗೆಡ್ಡೆ ಬುಟ್ಟಿಗೂ ಅವಳ ಜಾಮಿನ ಸೀಸೆಗಳಿಗೂ ನಡುವೆ, ಚಪ್ಪಲಿ ಡಬ್ಬದಷ್ಟು ದೊಡ್ಡ ಕಂಪ್ಯೂಟರೊಂದು ಹಸಿರು ಕಣ್ಣು ಮಿಟುಕಿಸುತ್ತಿತ್ತು.

"ಹೆಸರು ಬಯಲಾದ್ರೆ ಜೈಲಿಗೆ ಹೋಗೋ ಜನ ಎಷ್ಟೋ ದೇಶದಲ್ಲಿದಾರೆ ಕಣೇ. ಅವರ ಪತ್ರ ಇಂಟರ್ನೆಟ್ಟಲ್ಲಿ ಇಂಥ ಪೆಟ್ಟಿಗೆ ಇರೋ ಮನೆಮನೆ ದಾಟಿ ಹೋಗುತ್ತೆ. ನಮ್ಮದು ನಡುಮನೆ. ಹಿಂದಿನ ಬಾಗಿಲು ಗೊತ್ತು, ಮುಂದಿನ ಬಾಗಿಲು ಗೊತ್ತು. ಹೊರಟಿದ್ದೆಲ್ಲಿಂದ, ಸೇರೋದೆಲ್ಲಿಗೆ, ದೇವರಾಣೆ ಗೊತ್ತಿಲ್ಲ! ತೊಂಬತ್ತು ದಿನ ಒಂದು ಕ್ಷಣವೂ ಆರದೆ ನಡೆದ್ರೆ ಈ ಜಾಲ ನಡೆಸೋರು ನಮ್ಮನ್ನ ನಂಬಿಗಸ್ತ ಮನೆ ಅಂತ ಒಪ್ಕೋತಾರೆ."

ನಂಬಿಗಸ್ತ! ಟೀಲೋನನ್ನು ಆ ಪದದಿಂದ ಯಾರೂ ಕರೆದಿರಲಿಲ್ಲ. ಒಲೆಯ ಮೇಲಿನ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಗೀಟು ಬೀಳತೊಡಗಿತು.

ಗುಟ್ಟು ಕಾಯುವವನು ಮೊದಲ ವಾರದಲ್ಲೇ ಗುಟ್ಟನ್ನು ತಾವಿದ್ದ ಕಟ್ಟಡದ ಎಲ್ಲ ಮಹಡಿಗಳಿಗೂ ಹಂಚಿದ. ಹಂಚಿದ್ದಲ್ಲದೆ ಮತಪ್ರಚಾರಕ್ಕೂ ಇಳಿದ. ಕರೆಗಂಟೆಯ ಮೇಲೆ ಹೆಸರೇಕೆ? ಕಿತ್ತುಹಾಕಿ! ಬಾಗಿಲ ಮೇಲೆ ಹೆಸರೇಕೆ? ಕಿತ್ತುಹಾಕಿ! ಕೊನೆಗೆ ಹಜಾರದ ಗೋಡೆಯಲ್ಲಿದ್ದ ಗುಡಿಸುವ ವಾರದ ಪಟ್ಟಿಗೂ ಕೈ ಹಾಕಿದ. "ಯಾವ ವಾರ ಯಾರು ಮನೇಲಿರ್ತಾರೆ ಅಂತ ಕಳ್ಳನಿಗೆ ಬರೆದುಕೊಟ್ಟ ಹಾಗಿದೆ ಇದು!"

ಶ್ಟುಟ್‌ಗಾರ್ಟಿನಲ್ಲಿ ದೇವರನ್ನು ನಂಬದವರಿದ್ದಾರೆ. ಗುಡಿಸುವ ವಾರವನ್ನು ನಂಬದವರಿಲ್ಲ. ಒಂದು ಮರದ ಹಲಗೆ. ಅದು ಯಾರ ಬಾಗಿಲ ಹಿಡಿಯಲ್ಲಿ ತೂಗುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಭಾಗ್ಯ ಅವರದು. ಶನಿವಾರ ಕೆಲಸ ಮುಗಿಸಿ ಮುಂದಿನ ಬಾಗಿಲಿಗೆ ಸಿಕ್ಕಿಸಬೇಕು. ಪಟ್ಟಿ ಹೋಯಿತು, ಹೆಸರು ಹೋಯಿತು, ಹಲಗೆಯೊಂದು ಉಳಿಯಿತು.

ಯಾರೋ ಒಬ್ಬರು ಗುಡಿಸದೆ ಅದನ್ನು ದಾಟಿಸಿದರು. ಅಷ್ಟೇ! ಸೋಮವಾರ ಹಲಗೆ ಮೊದಲ ಮಹಡಿಯ ಹಲ್ಲಿನ ಡಾಕ್ಟರ್ ಎರ್ಡಾಲರ ಬಾಗಿಲಲ್ಲಿ. ಸರದಿ ತಪ್ಪಿ ಬಂತಲ್ಲ ಎಂದು ಅವರು ಮೇಲಕ್ಕೆ ದಾಟಿಸಿದರು. ಮಂಗಳವಾರ ರೋಸ್‌ವೀಟಾಳ ಬಾಗಿಲಲ್ಲಿ. ಅವಳೂ ಅತ್ತಿತ್ತ ನೋಡಿ ಮೇಲಿನ ಸಂಗೀತದ ಮೇಷ್ಟರಿಗೆ ದಾಟಿಸಿದಳು. ಬುಧವಾರ ಹಲಗೆ ಮತ್ತೆ ಕೆಳಗೆ! ಹಿಂದಿನ ಬಾಗಿಲು ಗೊತ್ತು, ಮುಂದಿನ ಬಾಗಿಲು ಗೊತ್ತು, ಹೊರಟಿದ್ದು ಎಲ್ಲಿಂದ ಎಂದು ಯಾರಿಗೂ ಗೊತ್ತಿಲ್ಲ. ಇಡೀ ಕಟ್ಟಡವೇ ಟೀಲೋನ ಪೆಟ್ಟಿಗೆಯಾಗಿಬಿಟ್ಟಿತು. ಮೆಟ್ಟಿಲ ಮೇಲೆ ಒಣ ಎಲೆ, ಕೆಸರು ಬೂಟಿನ ಗುರುತು, ಯಾರದೋ ಅರ್ಧ ತಿಂದ ಸೇಬು.

ಎಂಬತ್ತೆಂಟನೆಯ ದಿನ ಡಾಕ್ಟರು ಮೆಟ್ಟಿಲ ಮೇಲೆಯೇ ಪಂಚಾಯಿತಿ ಸೇರಿಸಿದರು. ನೆಲಮಹಡಿಯ ಶ್ರೀಮತಿ ನೇಗೆಲೆ ತಮ್ಮ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತೊಂದು ವರ್ಷ ವಯಸ್ಸು, ಎಲ್ಲರೂ ಒರೆಸಿದ ಮೆಟ್ಟಿಲಿಗೆ ಬೆರಳು ಸವರಿ ಧೂಳು ಹಿಡಿಯುತ್ತಿದ್ದ ಮಹಾರಾಣಿ ಅವರು. ಅವತ್ತೇಕೋ ದೃಷ್ಟಿಯೆಲ್ಲ ತಮ್ಮ ಚಪ್ಪಲಿಯ ಮೇಲೆ.

"ಶ್ಟೈಮ್ಲೆಯವರೇ," ಎಂದರು ಡಾಕ್ಟರು, "ನಿಮ್ಮ ಪೆಟ್ಟಿಗೆ ಬಂದಮೇಲೇ ಈ ರೋಗ. ಗುಡಿಸದೆ ಮೊದಲು ದಾಟಿಸಿದೋರು ಯಾರು ಅಂತ ಗೊತ್ತಾದ್ರೆ ತಪ್ಪು ಅವರದು, ನಿಮ್ಮ ಪೆಟ್ಟಿಗೆ ಇರಲಿ. ಇಲ್ಲಾಂದ್ರೆ ತಪ್ಪು ಪೆಟ್ಟಿಗೆಯದೇ. ಇವತ್ತೇ ತಂತಿ ಕೀಳಿ. ನೀವು ಮೂರು ಹೊತ್ತೂ ನೆಲಮಾಳಿಗೆಯಲ್ಲೇ ಇರ್ತೀರಿ. ಕಂಡಿರಬೇಕಲ್ಲ?"

ಟೀಲೋನ ಬಾಯಿ ತೆರೆಯಿತು. ರೋಸ್‌ವೀಟಾ ಕಣ್ಣು ಮುಚ್ಚಿದಳು. ಒಡೆಯಿತು ಅಣೆಕಟ್ಟು!

"ಗೊತ್ತಿಲ್ಲ," ಎಂದ ಟೀಲೋ. ಕೆಳಗಿಳಿದು ಹೋಗಿ ತಂತಿ ಕಿತ್ತ.

"ಎರಡೇ ದಿನ ಇತ್ತಲ್ಲೋ!" ಮನೆಯೊಳಗೆ ಬಂದ ಕೂಡಲೇ ರೋಸ್‌ವೀಟಾ ತರಾಟೆಗೆ ತೆಗೆದುಕೊಂಡಳು. "ದಾಟಿಸಿದ್ದು ನೀನೇ ತಾನೇ? ಇಲ್ಲದಿದ್ರೆ ನಿನ್ನ ಬಾಯಿ ಮುಚ್ಚೋದುಂಟೇ?"

"ಬೇಳೆ ಆರ್ತಿದೆ, ಬಡಿಸು."

ಮೂರು ದಿನ ಕ್ಯಾಲೆಂಡರಿನಲ್ಲಿ ಕೆಂಪು ಗೀಟು ಬೀಳಲಿಲ್ಲ. ನಾಲ್ಕನೆಯ ದಿನ ಶನಿವಾರ, ಬಾಗಿಲು ಸದ್ದಾಯಿತು. ಶ್ರೀಮತಿ ನೇಗೆಲೆ! ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪ್ಲಮ್ ಹಣ್ಣಿನ ಕೇಕು.

"ಇದು ನಿಮ್ಮ ಯಜಮಾನರಿಗೆ. ಮೊದಲು ದಾಟಿಸಿದ್ದು ನಾನು ಕಣಮ್ಮ."

"ನೀವಾ!"

"ಮಂಡಿ ಮಡಚೋಕಾಗ್ತಿಲ್ಲ. ನಲವತ್ತು ವರ್ಷ ಎಲ್ಲರ ಧೂಳು ಹುಡುಕಿದೋಳು ನಾನು, ಕೈಲಾಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಹಲಗೆ ಹಿಡ್ಕೊಂಡು ಮೇಲೆ ಹೊರಟೆ, ಹತ್ತೋಕಾಗದೆ ಮೂರನೇ ಮೆಟ್ಟಿಲಲ್ಲೇ ಕೂತೆ. ನೆಲಮಾಳಿಗೆಯಿಂದ ಬಂದ್ರಲ್ಲ, ನಿಮ್ಮ ಯಜಮಾನರೇ ಕೈಯಿಂದ ಈಸ್ಕೊಂಡು ಡಾಕ್ಟರ ಬಾಗಿಲಿಗೆ ಹಾಕಿ ಬಂದ್ರು. ಒಂದು ಮಾತೂ ಕೇಳಲಿಲ್ಲ." ಮುದುಕಿ ಕಣ್ಣು ಕಿರಿದು ಮಾಡಿದರು. "ನಿಮಗೂ ಹೇಳಿಲ್ವೇ?"

"ಇಲ್ಲ," ಎಂದಳು ರೋಸ್‌ವೀಟಾ. ಕೈ ಚಾಚಿ ಕೇಕನ್ನು ಈಸಿಕೊಂಡಳು.

"ನಿಮ್ಮಲ್ಲೇ ಇರಲಿ ಮತ್ತೆ."

"ಪ್ರಾಣ ಹೋದ್ರೂ ಬಾಯಿ ಬಿಡಲ್ಲ!"

ಊರುಗೋಲಿನ ಸದ್ದು ಮೆಟ್ಟಿಲಿಳಿದು ಹೋಯಿತು. ರೋಸ್‌ವೀಟಾ ಕೇಕನ್ನು ಮೇಜಿನ ಮೇಲಿಟ್ಟಳು. ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಏಳು ನಿಮಿಷ ತಡೆದಳು, ಏಳೇ ನಿಮಿಷ! ಆಮೇಲೆ ಊಲ್ಮ್ ಊರಿನಲ್ಲಿರುವ ತಂಗಿಗೆ ಫೋನು ತಿರುಗಿಸಿದಳು.

"ಹಲೋ, ನಾನೇ ಕಣೇ. ಯಾರಿಗೂ ಹೇಳ್ಬೇಡ, ಆಯ್ತಾ? ನಮ್ಮ ಕೆಳಗಿನ ಮನೆ—"

ಹಿಂದಿನಿಂದ ಒಂದು ಬೆರಳು ಬಂದು ಫೋನಿನ ಗುಂಡಿಯನ್ನು ಮೆತ್ತಗೆ ಒತ್ತಿತು. ಕರೆ ಕಡಿಯಿತು.

ಟೀಲೋ ನಿಂತಿದ್ದ. ಒಂದು ಕೈಯಲ್ಲಿ ನೀರಿನ ಬಕೆಟ್ಟು. ಕಂಕುಳಲ್ಲಿ ಹಲಗೆ, ಆಗತಾನೇ ನೇಗೆಲೆಯವರ ಬಾಗಿಲಿನಿಂದ ಬಿಚ್ಚಿ ತಂದದ್ದು. ಅದನ್ನು ತಮ್ಮದೇ ಬಾಗಿಲ ಹಿಡಿಗೆ ಸಿಕ್ಕಿಸಿ, ಬಾಗಿಲ ಹಿಂದಿದ್ದ ಪೊರಕೆಯನ್ನು ಅವಳ ಕೈಗಿತ್ತು, ಬಕೆಟ್ಟಿನೊಂದಿಗೆ ಮೆಟ್ಟಿಲಿಳಿದ.